ಬುಟ್ಟಿ ಖಾಲಿ ಮಾಡಿದವಳಿಗೆ

ಜೂನ್ 9, ಭಾನುವಾರ

ತಂಗಿಗೆ,

ಮನೆಯಲ್ಲಿ ಎಲ್ಲರೂ ಕರೆಯುವ ಹಾಗೆ ‘ಮುದ್ದಿ’ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ತಂಗಿ ಎನ್ನುವುದು ಸಂಬಂಧ, ಅದನ್ನು ಯಾರೂ ಬದಲಾಯಿಸುವ ಹಾಗಿಲ್ಲ, ಅದಕ್ಕೇ ಅಷ್ಟಕ್ಕೆ ನಿಲ್ಲಿಸಿದ್ದೇನೆ. ನಾವು ಕ್ಷೇಮ ಎಂದು ಬರೆಯುವುದು ರೂಢಿ. ನಾವು ಕ್ಷೇಮವಾಗಿಲ್ಲ. ನೀನು ಕ್ಷೇಮವೆಂದು ನಿನ್ನ ಫೋನಿನ ಸ್ಟೇಟಸ್ ನೋಡಿದರೇ ಗೊತ್ತಾಗುತ್ತದೆ. ಮೊನ್ನೆ ನೀನು ಯಾವುದೋ ಈಜುಕೊಳದ ಪಕ್ಕ ಕಾಲು ಚಾಚಿ ಕೂತಿದ್ದೆ. ನೀನು ಬಂದುಹೋಗಿ ಇಷ್ಟು ದಿನವಾದರೂ ಅಕ್ಕ ಒಂದು ಸಾಲು ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಬರೆಯುತ್ತಲೇ ಇದ್ದೆ, ಬರೆದದ್ದನ್ನು ಹರಿದು ಹಾಕುತ್ತಲೇ ಇದ್ದೆ. ಆ ಮಾತುಗಳು ನಿನ್ನ ಮನೆಯ ಬಾಗಿಲಿಗೆ ಬರುವಂಥವಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನ್ ಮಾಡಿದರೆ ನೀನು ಅಳುತ್ತೀಯ. ನೀನು ಅತ್ತರೆ ನಾನೇ ಸಮಾಧಾನ ಮಾಡಬೇಕು. ಚಿಕ್ಕಂದಿನಿಂದಲೂ ಇದೇ ಆಗಿದೆ. ತಪ್ಪೂ ನಿನ್ನದು, ಅಳುವೂ ನಿನ್ನದು, ಕಣ್ಣೊರೆಸುವ ಕೆಲಸ ಮಾತ್ರ ನನ್ನದು. ಕಾಗದದ ಮುಂದೆ ಎಷ್ಟು ಬೇಕಾದರೂ ಅಳು, ನನಗೆ ಕೇಳಿಸುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೊರಡುವ ದಿನ ಬಾಗಿಲಲ್ಲಿ ನಿಂತು ಏನು ಹೇಳಿದೆ, ನೆನಪಿದೆಯೇ? “ಅಕ್ಕಾ, ಅಪ್ಪನ ಕಂಪ್ಯೂಟರ್ ಆಮೆ ಥರ ಇತ್ತು. ಎಲ್ಲಾ ಕ್ಲೀನ್ ಮಾಡಿದೀನಿ, ಈಗ ಹೇಗೆ ಓಡುತ್ತೆ ನೋಡು” ಎಂದೆ. ನಾನೊಬ್ಬಳು ಪೆದ್ದಿ, “ಒಳ್ಳೇದಾಯ್ತು ಬಿಡು” ಎಂದು ನಿನ್ನ ಚೀಲ ಎತ್ತಿಕೊಟ್ಟೆ. ಹಲ್ಲಿನ ಡಾಕ್ಟರ ಕೈ ಸುಮ್ಮನಿರುತ್ತದೆಯೇ? ಸಿಕ್ಕಿದ್ದನ್ನು ಕೀಳದಿದ್ದರೆ ನಿನಗೆ ನಿದ್ದೆ ಬರುವುದಿಲ್ಲ.

ಆ ಮಧ್ಯಾಹ್ನ ಅಪ್ಪ ಊಟ ಮುಗಿಸಿ ಎಂದಿನಂತೆ ಕಂಪ್ಯೂಟರಿನ ಮುಂದೆ ಕೂತರು. ಪರದೆಯ ಮೂಲೆಯಲ್ಲಿರುವ ಬುಟ್ಟಿಯನ್ನು ತೆರೆದರು. ಖಾಲಿ. ಮುಚ್ಚಿದರು, ಮತ್ತೆ ತೆರೆದರು. ನಾನು ಕೆಳಗೆ ಅಂಗಡಿಯಲ್ಲಿ ಒಂದು ಕಾಲರಿಗೆ ಹೊಲಿಗೆ ಹಾಕುತ್ತಿದ್ದೆ. ಮೆಟ್ಟಿಲು ಇಳಿದು ಬರುವಷ್ಟು ಜೋರಾಗಿ ಅವರ ದನಿ ಕೇಳಿತು: “ಬುಟ್ಟಿಗೆ ಕೈ ಹಾಕಿದ್ದು ಯಾರು?”

ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ರೀಸೈಕಲ್ ಬಿನ್ ಖಾಲಿ ಮಾಡುವುದೂ ಒಂದು ಅಪರಾಧವೇ ಎನ್ನುತ್ತಾರೆ. ನಿನ್ನ ಯಜಮಾನರು ಹಾಗೆ ಅಂದಿದ್ದರೆ ಅವರನ್ನು ನಾನು ದೂರುವುದಿಲ್ಲ. ಆದರೆ ನೀನು ಈ ಅಂಗಡಿಯ ಮೇಲಿನ ಮನೆಯಲ್ಲೇ ಹುಟ್ಟಿದವಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನ ಬುಟ್ಟಿ ನಿನಗೆ ಗೊತ್ತಿಲ್ಲವೇ? “ನೆಲದ ಮೇಲೆ ಬಿದ್ದಿದ್ದು ಕಸ, ಬುಟ್ಟೀಲಿ ಇರೋದು ಬಟ್ಟೆ” ಎಂದು ಅಪ್ಪ ಹೇಳುತ್ತಿದ್ದುದು ನಿನ್ನ ಕಿವಿಗೆ ಬಿದ್ದೇ ಇಲ್ಲವೇ? ಸಂಜೆ ನೆಲ ಗುಡಿಸುತ್ತಿದ್ದೆವು, ಬುಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಯಾರದೋ ಕೋಟಿನ ಮೊಣಕೈ ಹರಿದು ಬಂದರೆ, ಅದೇ ಬಟ್ಟೆಯ ಅಂಗೈಯಗಲದ ಚೂರು ಆ ಬುಟ್ಟಿಯ ತಳದಿಂದ ಎದ್ದು ಬರುತ್ತಿತ್ತು. ನಿನ್ನ ಗೊಂಬೆಗಳೆಲ್ಲ ರಾಣಿಯರ ಹಾಗೆ ಮೆರೆದದ್ದು ಯಾವ ಬುಟ್ಟಿಯ ಬಟ್ಟೆಯಲ್ಲಿ?

ಬಲಗೈ ಸ್ವಾಧೀನ ತಪ್ಪಿ ಕತ್ತರಿ ಹಿಡಿಯಲಾರದೆ ಅಪ್ಪ ಮಹಡಿಯಲ್ಲಿ ಕೂತಾಗ ಕಂಪ್ಯೂಟರ್ ಕಳಿಸಿದವಳು ನೀನು, ಅದನ್ನು ಇಲ್ಲವೆನ್ನುವುದಿಲ್ಲ. ಎಡಗೈಯಲ್ಲಿ ಮೌಸ್ ಹಿಡಿಯಲು ಕಲಿಸಿದವಳು ನಾನು. ಪರದೆಯ ಮೇಲೆ ಹರಡಿಕೊಂಡಿದ್ದೆಲ್ಲ ಅವರಿಗೆ ನೆಲದ ಮೇಲೆ ಬಿದ್ದ ಹಾಗೆ ಕಂಡಿತು. ಯಾರಾದರೂ ಗುಡಿಸಿಬಿಟ್ಟಾರು ಎಂದು ಹೆದರಿದರು. ಮೂಲೆಯಲ್ಲಿ ಬುಟ್ಟಿಯ ಚಿತ್ರ ನೋಡಿ ಅವರ ಜೀವಕ್ಕೆ ಸಮಾಧಾನವಾಯಿತು. ತಮಗೆ ಬೇಕಾದ ಫೋಟೋಗಳನ್ನೆಲ್ಲ ಒಂದೊಂದಾಗಿ ಎಳೆದು ಅದರೊಳಗೆ ಹಾಕಿದರು. ಅದು ಇಡುವ ಜಾಗವಲ್ಲ ಎಂದು ನಾನು ಹೇಳಿದೆ. “ನೀನು ನಂಗೆ ಬುಟ್ಟಿ ವಿಷ್ಯ ಹೇಳ್ಕೊಡ್ತೀಯಾ?” ಎಂದರು. ಅದರೊಳಗೆ ಫೋಟೋ ಪೂರ್ತಿ ತೆರೆದುಕೊಳ್ಳುವುದಿಲ್ಲ, ಬೆಂಕಿಪೊಟ್ಟಣದಷ್ಟೇ ಕಾಣುತ್ತದೆ. ಅವರಿಗೆ ಅಷ್ಟು ಸಾಕಿತ್ತು.

ಯಾವ ಫೋಟೋ ಎಂದು ನಿನಗೆ ಹೇಳಬೇಕಿಲ್ಲ. ಹೊಸ ಬಟ್ಟೆ ತೊಟ್ಟು ನೋಡುವವರನ್ನೆಲ್ಲ ಅವರು ಆ ಕಡೆ ತಿರುಗಿಸಿ ನಿಲ್ಲಿಸಿ, ಬೆನ್ನ ಕಡೆಯಿಂದ ಡಿಜಿಟಲ್ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಎಲ್ಲವನ್ನೂ ಅದಕ್ಕೆ ತುಂಬಿಸಿದ್ದೆವು, ಬೇರೆ ಪ್ರತಿ ಇರಲಿಲ್ಲ. “ಮುಂದ್ಗಡೆ ಇರೋದು ಗಿರಾಕಿ ಮುಖ, ಹಿಂದ್ಗಡೆ ಇರೋದು ನನ್ನ ಕೆಲ್ಸ” ಎನ್ನುತ್ತಿದ್ದರು. ಒಬ್ಬ ದರ್ಜಿಯ ಇಡೀ ಬದುಕು ಆ ಬುಟ್ಟಿಯಲ್ಲಿತ್ತು ಕಣೇ. ಕೈ ಹೋಯಿತು, ಉಳಿದದ್ದು ಆ ಬೆನ್ನುಗಳು ಮಾತ್ರ. ಅವನ್ನೂ ನೀನು ಗುಡಿಸಿ ಹೊರಟುಹೋದೆ.

ಈಗ ಕೇಳು. ಅದನ್ನು ನಾನೇ ಮಾಡಿದ್ದು ಎಂದು ಅಪ್ಪ ನಂಬಿಬಿಟ್ಟಿದ್ದಾರೆ. ಮನೆಯಲ್ಲಿರುವವಳು ನಾನೊಬ್ಬಳೇ ಅಲ್ಲವೇ? “ಮುದ್ದಿ ಕ್ಲೀನ್ ಮಾಡಿದಾಳಪ್ಪಾ” ಎಂದು ಹೇಳಿದೆ. ನನ್ನೊಡನೆ ಮಾತು ಬಿಟ್ಟಿರುವುದರಿಂದ ಪಕ್ಕದಲ್ಲಿದ್ದ ನಮ್ಮ ಅಂಗಡಿಯ ಇಸ್ತ್ರಿಯವರ ಕಡೆ ತಿರುಗಿ, “ಊರಿಗೆ ಹೋದೋಳ ಮೇಲೆ ಹಾಕ್ಬೇಡ ಅಂತ ಹೇಳಪ್ಪ ಇವಳಿಗೆ” ಎಂದರು. ನಾನು ಎದುರಿಗೇ ನಿಂತಿದ್ದೆ. ಪಾಪ, ಇಸ್ತ್ರಿಯವರು ನನ್ನ ಮುಖ ನೋಡುತ್ತಾ ಅದನ್ನು ನನಗೆ ಮತ್ತೊಮ್ಮೆ ಹೇಳಿದರು. ಟೀ ಬೇಕು, ಟೀ ಬೇಡ, ಕಿಟಕಿ ಮುಚ್ಚು, ಎಲ್ಲವೂ ಈಗ ಇಸ್ತ್ರಿಯವರ ಬಾಯಿಂದಲೇ ಬರಬೇಕು. ಅವರು ಮನೆಗೆ ಹೋದ ಮೇಲೆ ಈ ಮನೆಯಲ್ಲಿ ಮಾತೇ ಇಲ್ಲ.

ನಿನ್ನಿಂದ ನನಗೆ ಬೇಕಾದದ್ದು ಒಂದೇ. ಅಪ್ಪನಿಗೆ ಫೋನ್ ಮಾಡು. “ಅದು ನಾನು ಮಾಡಿದ್ದು, ಅಕ್ಕ ಅಲ್ಲ” ಎಂದು ಹೇಳು. ಅಷ್ಟು ಹೇಳಿದರೆ ನಿನ್ನ ಬಾಯಿಂದ ಹಲ್ಲು ಉದುರುವುದಿಲ್ಲ.

ನಿನ್ನ ಮಗನಿಗೆ ದೊಡ್ಡಮ್ಮನ ಆಶೀರ್ವಾದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ಅಕ್ಕ


ಜೂನ್ 23

ತಂಗಿಗೆ,

ನಾಲ್ಕು ಹಾಳೆ ಕಾಗದಕ್ಕೆ ನಿನ್ನ ಉತ್ತರ ಫೋನಿನಲ್ಲಿ ನಾಲ್ಕು ಸಾಲು. ಕೈಮುಗಿದ ಚಿತ್ರ ಬೇರೆ. “ಅಕ್ಕಾ, ಅಪ್ಪಂಗೆ ಈ ವಯಸ್ಸಲ್ಲಿ ಇನ್ನೊಂದು ನೋವು ಯಾಕೆ? ಹೇಗೂ ನಿನ್ನ ಮೇಲೆ ಕೋಪ ಮಾಡ್ಕೊಂಡಿದಾರಲ್ಲ, ಅದು ಹಾಗೇ ತಣ್ಣಗಾಗುತ್ತೆ ಬಿಡು.”

ಇದನ್ನು ಎಷ್ಟು ಸಲ ಓದಿದೆನೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಕೇಳಿದ್ದೆ. ಆದರೆ ಎಮ್ಮೆಗೆ ಹೇಗೂ ಒಂದು ಬರೆ ಬಿದ್ದಿದೆ, ಇನ್ನು ಎತ್ತನ್ನು ಯಾಕೆ ನೋಯಿಸುವುದು ಎನ್ನುವವಳನ್ನು ಇದೇ ಮೊದಲು ನೋಡುತ್ತಿರುವುದು. ನೀನು ಅಪ್ಪನಿಗೆ ನೋವಾದೀತೆಂದು ಹೆದರುತ್ತಿಲ್ಲ. ಅವರ ಕಣ್ಣಲ್ಲಿ ನಿನ್ನ ಬಣ್ಣ ಮಾಸೀತೆಂದು ಹೆದರುತ್ತಿದ್ದೀಯ.

ಇರಲಿ. ನಿನ್ನನ್ನು ನಂಬಿ ಕೂತರೆ ಆಗುವ ಕೆಲಸವಲ್ಲ ಎಂದು ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿ ರಿಪೇರಿಯವಳ ಹತ್ತಿರ ಹೊತ್ತುಕೊಂಡು ಹೋದೆ. ಔಷಧಿ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗಿನ ಜಾಗದಲ್ಲಿ ಅವಳ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾಳೆ, ಯಾರಿಗೂ ಮುಲಾಜು ನೋಡುವುದಿಲ್ಲ. ನನಗೆ ನೋಡಿದ ಕೂಡಲೇ ಹಿಡಿಸಿದಳು.

ಎಲ್ಲ ಕೇಳಿಸಿಕೊಂಡು ಅವಳು ಕೇಳಿದ ಮೊದಲ ಪ್ರಶ್ನೆ: “ಅಳಿಸಿದ್ಮೇಲೆ ಇದ್ರೊಳಗೆ ಏನಾದ್ರೂ ತುಂಬಿಸಿದ್ರಾ?”

“ಇಲ್ಲಮ್ಮ, ನಮ್ಮಪ್ಪ ಮುನಿಸ್ಕೊಂಡು ಅದನ್ನ ಮುಟ್ಟೇ ಇಲ್ಲ” ಎಂದೆ.

“ಬದುಕ್ಕೊಂಡ್ರಿ. ಅಳಿಸಿದ್ರೆ ಫೋಟೋ ಹೋಗಲ್ಲ ಅಕ್ಕಾ. ಮನೆ ನಂಬರ್ ಬೋರ್ಡು ಕಿತ್ತು ಹಾಕ್ತಾರೆ ಅಷ್ಟೇ, ಮನೆ ಅಲ್ಲೇ ಇರುತ್ತೆ. ಜಾಗ ಖಾಲಿ ಇದೆ ಅಂದ್ಕೊಂಡು ಇನ್ನೊಬ್ರು ಬಂದು ಅಲ್ಲಿ ಮನೆ ಕಟ್ಟಿದ್ರೆ ಮಾತ್ರ ಹೋಯ್ತು” ಎಂದಳು.

ಆಮೇಲೆ ಪರದೆಯ ಹತ್ತಿರ ಬಗ್ಗಿ ಏನೇನೋ ಒತ್ತಿ ನೋಡಿದಳು. “ಮತ್ತೆ ಈ ಕಾರ್ಟೂನ್ ಸಿನಿಮಾ ಎಲ್ಲ ಯಾರು ಹಾಕಿದ್ದು? ಬುಟ್ಟಿ ಖಾಲಿ ಮಾಡಿದ ದಿನಾನೇ ಹಾಕಿದಾರೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಅಂದರೆ ಕಂಪ್ಯೂಟರ್ ಓಡಲಿ ಎಂದು ನೀನು ಕ್ಲೀನ್ ಮಾಡಿದ್ದಲ್ಲ. ದಾರಿಯಲ್ಲಿ ಮಗ ಹಟ ಮಾಡದಿರಲಿ ಎಂದು ಸಿನಿಮಾ ಇಳಿಸಲು ಜಾಗ ಮಾಡಿಕೊಂಡೆ. ಅವನ್ನು ನಿನ್ನ ಟ್ಯಾಬಿಗೆ ತುಂಬಿಕೊಂಡೆ, ಇಲ್ಲಿಯವನ್ನು ಹಾಗೇ ಬಿಟ್ಟು ಹೋದೆ. ಉಂಡೂ ಹೋದ ಕೊಂಡೂ ಹೋದ ಎನ್ನುತ್ತಾರಲ್ಲ, ಅದು. ಅಪ್ಪ ಅಷ್ಟು ಜೋಪಾನ ಮಾಡಿದ ಬೆನ್ನುಗಳ ಮೇಲೆ ಈಗ ಇಲಿಗಳೂ ಬಾತುಕೋಳಿಗಳೂ ಕುಣಿಯುತ್ತಿವೆ.

ರಿಪೇರಿಯವಳು ಇನ್ನೊಂದು ಮಾತು ಹೇಳಿದಳು. ಸಿಕ್ಕಷ್ಟು ತೆಗೆಯುತ್ತಾಳಂತೆ, ಆದರೆ ಹೆಸರುಗಳು ಬರುವುದಿಲ್ಲವಂತೆ. “ಮತ್ತೆ ಬೇಕು ಅಂತ ಇಟ್ಕೊಂಡಿದ್ದು, ಬೇಡ ಅಂತ ನಿಜವಾಗ್ಲೂ ಎಸೆದಿದ್ದು, ಎರಡೂ ಒಟ್ಟಿಗೆ ಎದ್ದು ಬರುತ್ತೆ. ಯಾವುದು ಯಾವುದು ಅಂತ ನಂಗೆ ಗೊತ್ತಾಗಲ್ಲ, ನೀವೇ ಆರಿಸ್ಕೋಬೇಕು.”

ಆರಿಸಬೇಕಾದವರು ನನ್ನೊಡನೆ ಮಾತಾಡುವುದಿಲ್ಲವಲ್ಲ! ನಿನ್ನೆ ಬಟ್ಟೆ ಒಗೆಯುವಾಗ ಅವರ ಅಂಗಿಯ ಗುಂಡಿ ಕಿತ್ತುಹೋಗಿರುವುದು ಕಂಡಿತು. ಹಾಕಿಕೊಡುತ್ತೇನೆ ಎಂದೆ. ಒಂದು ಕೈಯಲ್ಲಿ, ಹಲ್ಲಿನಿಂದ ದಾರ ಎಳೆದು, ಬೆವರು ಸುರಿಸಿಕೊಂಡು ತಾವೇ ಹಾಕಿಕೊಂಡರು, ನನ್ನ ಕೈಗೆ ಕೊಡಲಿಲ್ಲ. ಇಷ್ಟು ವರ್ಷ ಈ ಅಂಗಡಿಯ ಪ್ರತಿಯೊಂದು ಗುಂಡಿಯನ್ನೂ ಹಾಕಿದ ಕೈ ಇದು.

ಮುಂದಿನ ಭಾನುವಾರದೊಳಗೆ ನೀನು ಅವರಿಗೆ ಹೇಳದಿದ್ದರೆ ನಾನೇ ಅವರನ್ನು ಕರೆದುಕೊಂಡು ನಿನ್ನ ಆಸ್ಪತ್ರೆಗೆ ಬಂದು ರೋಗಿಗಳ ಸಾಲಿನಲ್ಲಿ ಕೂರುತ್ತೇನೆ. ಎಲ್ಲರೆದುರಿಗೂ ಕೇಳುತ್ತೇನೆ. ನನ್ನ ದನಿ ಎಂಥದೆಂದು ನಿನಗೆ ಗೊತ್ತು.

ಮಗನಿಗೆ ಆಶೀರ್ವಾದ.

ಅಕ್ಕ


ಜುಲೈ 14, ಭಾನುವಾರ

ತಂಗಿಗೆ,

ನಿನ್ನ ಫೋನು ಬಂದ ದಿನವೇ ಬರೆಯಬೇಕಿತ್ತು. ಫೋಟೋಗಳು ಬರಲಿ, ಎಲ್ಲ ಸೇರಿಸಿ ಕಳಿಸೋಣ ಎಂದು ತಡಮಾಡಿದೆ. ಅದು ಒಂದು ನೆಪ. ನಿಜ ಹೇಳಬೇಕೆಂದರೆ ನಿನ್ನ ಹೆಸರು ಬರೆಯಲು ಮನಸ್ಸಾಗಲಿಲ್ಲ.

ಕೊನೆಗೂ ನೀನು ಹೇಳಿದೆ. ಸಂತೋಷ. ರೋಗಿಗಳ ಮುಂದೆ ಮಾನ ಹೋದೀತೆಂಬ ಭಯಕ್ಕೆ ಹೇಳಿದೆಯೋ, ಬುದ್ಧಿ ಬಂದು ಹೇಳಿದೆಯೋ, ನಾನು ಕೇಳುವುದಿಲ್ಲ. ಫೋನಿನಲ್ಲಿ ನಿನಗೆ ಅಪ್ಪನ ದನಿಯಷ್ಟೇ ಕೇಳಿಸಿತು, ಈ ಕಡೆ ಏನಾಯಿತೆಂದು ಗೊತ್ತಿಲ್ಲ. ಅದನ್ನು ಹೇಳುತ್ತೇನೆ.

ಅಪ್ಪ ಒಂದೇ ಕೈಯಲ್ಲಿ ಫೋನ್ ಹಿಡಿದರೆ ಜಾರುತ್ತದೆ, ಅದಕ್ಕೆ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದೆ. ನಾನು ಟೀ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದೆ. “ಅಪ್ಪಾ, ಬುಟ್ಟಿ ಖಾಲಿ ಮಾಡಿದ್ದು ನಾನು” ಎಂದು ಹೇಳಿ ನೀನು ಅಳಲು ಶುರುಮಾಡಿದೆ. ಈಗ ಸಿಡಿಯುತ್ತಾರೆ, ಈಗ ಇಸ್ತ್ರಿಯವರನ್ನು ಕರೆದು ನಿನಗೆ ಹೇಳಿಸುತ್ತಾರೆ, ಅಷ್ಟು ವಾರ ನನ್ನ ಮೇಲಿದ್ದ ಭಾರ ಈಗ ಇಳಿಯುತ್ತದೆ ಎಂದು ಕಾದೆ.

“ನೀನಾ?” ಎಂದರು. “ಅಯ್ಯೋ, ಅದಕ್ಯಾಕೆ ಅಳ್ತೀಯ ಕಂದಾ? ಗೊತ್ತಿಲ್ದೆ ಮಾಡಿದ್ದು. ಊಟ ಆಯ್ತಾ?”

ಊಟ ಆಯ್ತಾ! ಅಷ್ಟೇ ಕಣೇ. ನಿನಗೆ ಅಷ್ಟೇ ಸಾಕಾಯಿತು. ನಾನು ಮಾಡಿದ್ದೆಂದು ನಂಬಿದ್ದ ಆ ಎಲ್ಲ ದಿನಗಳಲ್ಲಿ, ನಾನೂ ಗೊತ್ತಿಲ್ಲದೆ ಮಾಡಿರಬಹುದು ಎನ್ನುವುದು ಅವರಿಗೆ ಒಂದು ಸಲವೂ ಹೊಳೆಯಲಿಲ್ಲ. ನೀನು ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿದರು. ಏನಾದರೂ ಹೇಳುತ್ತಾರೆ ಎಂದುಕೊಂಡೆ. “ಟೀ ಆರಿಹೋಯ್ತಲ್ಲ” ಎಂದರು. ಅಷ್ಟು ದಿನದ ಮೇಲೆ ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ನಾನು ಒಳಗೆ ಹೋಗಿ ಬಿಸಿ ಮಾಡಿ ತಂದುಕೊಟ್ಟೆ.

ಫೋಟೋಗಳು ಬಂದಿವೆ. ಪೂರ್ತಿ ಅಲ್ಲ, ಹೆಚ್ಚಿನವು. ಕೆಲವು ಅರ್ಧಕ್ಕೇ ನಿಂತಿವೆ, ಮೇಲೆ ಭುಜ, ಕೆಳಗೆ ಬರೀ ಬೂದು ಬಣ್ಣ. ರಿಪೇರಿಯವಳು ಒಂದೊಂದನ್ನೂ ತೆರೆದು, “ಇದೇನಕ್ಕಾ, ಒಂದರಲ್ಲೂ ಮುಖಾನೇ ಇಲ್ವಲ್ಲ, ಎಲ್ಲಾ ಬೆನ್ನೇ!” ಎಂದು ತಲೆ ಕೆಡಿಸಿಕೊಂಡಿದ್ದಳು. ತಾನು ತೆಗೆದದ್ದೇ ತಪ್ಪಾಯಿತೇನೋ ಎಂದು ಮತ್ತೊಮ್ಮೆ ಎಲ್ಲ ಹುಡುಕಿದಳಂತೆ.

ಹೆಸರಿಲ್ಲದ ಬೆನ್ನುಗಳ ರಾಶಿ. ಈಗ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಹೇಳುತ್ತಾರೆ, ನಾನು ಒಂದೊಂದಕ್ಕೂ ಹೆಸರು ಬರೆಯುತ್ತೇನೆ. ಎಡಭುಜ ಒಂದಿಷ್ಟು ಇಳಿದಿದ್ದರೆ, “ಪಿಟೀಲು ಮೇಷ್ಟ್ರು. ಆ ಭುಜಕ್ಕೆ ಒಳಗೆ ದಪ್ಪ ಬಟ್ಟೆ ಕೊಟ್ಟು ಎತ್ತಿಸಿದ್ದೆ.” ಕತ್ತಿನ ಹಿಂದೆ ಮಡಿಕೆ ಬಿದ್ದಿದ್ದರೆ, “ಬೇಕರಿಯವಳು. ದಪ್ಪ ಆಗ್ತಾನೇ ಇದ್ಲು, ಒಪ್ಕೊಳ್ತಾನೇ ಇರ್ಲಿಲ್ಲ.” ಸೊಂಟದಲ್ಲಿ ಬಿಗಿ ಇದ್ದ ಒಂದು ಕೋಟು ಕಂಡು, “ಇವನು ದುಡ್ಡು ಕೊಡದೆ ಓಡಿಹೋದೋನು, ಇವನ ಹೆಸ್ರು ಕಳ್ಳ ಅಂತಲೇ ಬರಿ” ಎಂದು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಅವರು ನಕ್ಕು ಎಷ್ಟು ಕಾಲವಾಗಿತ್ತು. ಆ ಹೊತ್ತಿಗೆ ನಿನ್ನ ಮೇಲಿನ ಸಿಟ್ಟೂ ಒಂದಿಷ್ಟು ಮರೆತಿತ್ತು, ಸುಳ್ಳು ಯಾಕೆ ಹೇಳಲಿ.

ನಿನ್ನವೂ ಬಂದಿವೆ. ಶಾಲೆಯ ಅಂಗಿಯದು, ಕಾಲೇಜಿಗೆ ಹೋಗುವಾಗಿನ ನೀಲಿ ಕೋಟಿನದು, ಡಾಕ್ಟರಾದ ದಿನದ ಬಿಳಿ ಕೋಟಿನದು. ಅವರು ಒಂದು ಕ್ಷಣವೂ ತಡೆಯದೆ, “ಮುದ್ದಿ, ಮುದ್ದಿ, ಇದೂ ಮುದ್ದಿ” ಎಂದರು. ಬಿಳಿ ಕೋಟಿನದು ಮೊಣಕೈವರೆಗೆ ಮಾತ್ರ ಉಳಿದಿದೆ, ಕೆಳಗಿನದನ್ನು ನಿನ್ನ ಬಾತುಕೋಳಿ ನುಂಗಿತು. ಅದಕ್ಕೂ ಅಪ್ಪ ನಿನ್ನನ್ನು ಬಯ್ಯಲಿಲ್ಲ.

ಎಲ್ಲದರ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಕಳಿಸುತ್ತಿದ್ದೇನೆ. ಪ್ರೀತಿಯಿಂದಲ್ಲ. ಇನ್ನೊಂದು ಸಲ ಹೀಗಾದರೆ ಬೇರೆ ಕಡೆಯೂ ಇರಲಿ ಎಂದು ರಿಪೇರಿಯವಳು ಹೇಳಿದಳು, ಬೇರೆ ಕಡೆ ಅಂದರೆ ನನಗೆ ನೀನು ಬಿಟ್ಟರೆ ಯಾರಿದ್ದಾರೆ? ಇನ್ನು ಮುಂದೆ ಬಂದಾಗ ಅಪ್ಪನ ಕೋಣೆಯಲ್ಲಿ ಕೂತು ಮಾತಾಡು, ಊಟ ಮಾಡು, ಮಲಗು. ಈ ಮನೆಯಲ್ಲಿ ಯಾವುದನ್ನೂ ಕ್ಲೀನ್ ಮಾಡಬೇಡ.

ಮಗ ಚೆನ್ನಾಗಿ ಓದಲಿ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ನೀನೂ ಚೆನ್ನಾಗಿರು. ಇದನ್ನು ಹಲ್ಲು ಕಚ್ಚಿಕೊಂಡೇ ಬರೆದಿದ್ದೇನೆ, ಆದರೂ ಆಶೀರ್ವಾದ ಆಶೀರ್ವಾದವೇ.

ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದೆಂದು ಕಾಗದ ಮಡಿಸಿ ಇಟ್ಟಿದ್ದೆ. ಮತ್ತೆ ಬಿಚ್ಚಿದೆ.

ಮೊನ್ನೆ ಮಧ್ಯಾಹ್ನ ಒಂದು ಚಿತ್ರ ಬಂತು. ಅಂಗಡಿಯ ಬಾಗಿಲಲ್ಲಿ ಹಸಿರು ಕೋಟು ತೊಟ್ಟ ಒಬ್ಬಳು, ಹೊರಗೆ ನೋಡುತ್ತಾ, ಒಂದು ಕೈ ಚೌಕಟ್ಟಿನ ಮೇಲಿಟ್ಟು ನಿಂತಿದ್ದಾಳೆ. ಅಪ್ಪ ಕನ್ನಡಕ ಸರಿಮಾಡಿಕೊಂಡರು, ಹತ್ತಿರ ಬಗ್ಗಿದರು, ಬಹಳ ಹೊತ್ತು ನೋಡಿದರು. ಪಿಟೀಲು ಮೇಷ್ಟ್ರು ಗೊತ್ತಾದರು, ಬೇಕರಿಯವಳು ಗೊತ್ತಾದಳು, ದುಡ್ಡು ಕೊಡದ ಕಳ್ಳನೂ ಗೊತ್ತಾದ. “ಇದ್ಯಾರೋ ಗೊತ್ತಾಗ್ಲಿಲ್ಲ. ಭುಜದ ಹೊಲಿಗೆ ನಂದಲ್ಲ” ಎಂದರು. “ಎಸೆದಿದ್ದು ಇರ್ಬೇಕು. ತೆಗ್ದುಬಿಡು.”

ಅದು ನಾನು. ಕೋಟು ನಾನೇ ಹೊಲಿದುಕೊಂಡದ್ದು. ಊರಿಗೆಲ್ಲ ಟೇಪು ಹಿಡಿದವರು ನನ್ನ ಅಳತೆಯನ್ನು ಒಂದು ಸಲವೂ ತೆಗೆದವರಲ್ಲ. “ನಿಂಗೇ ಬರುತ್ತಲ್ಲ” ಎನ್ನುತ್ತಿದ್ದರು, ಅದು ಹೊಗಳಿಕೆ ಎಂದುಕೊಂಡಿದ್ದೆ. ಮೇಜಿನ ಆ ಕಡೆ ಅವರು, ಈ ಕಡೆ ನಾನು, ಇಷ್ಟು ವರ್ಷ ಎದುರುಬದುರು ಕೂತು ಕೆಲಸ ಮಾಡಿದೆವು. ಆ ಒಂದು ಚಿತ್ರ ತೆಗೆದಾಗ ಬಿಟ್ಟರೆ ನನ್ನ ಬೆನ್ನು ಅವರು ನೋಡಿಯೇ ಇಲ್ಲ.

“ನಾನೇ ಅಪ್ಪಾ” ಎನ್ನಲು ಬಾಯಿ ಬರಲಿಲ್ಲ. ಅವರು ಹೇಳಿದ ಹಾಗೆ ಅವರ ಕಣ್ಣೆದುರಿಗೇ, ಬುಟ್ಟಿಯಲ್ಲೂ ಉಳಿಯದ ಹಾಗೆ ತೆಗೆದುಬಿಟ್ಟೆ. ಒಂದು ಕಾಲದಲ್ಲಿ ಅವರೇ ಬುಟ್ಟಿಯಲ್ಲಿ ಜೋಪಾನ ಮಾಡಿದ್ದೋ, ಬೇಡವೆಂದು ನಿಜವಾಗಿಯೂ ಎಸೆದದ್ದೋ, ಅದು ನನಗೆ ಇನ್ನು ಗೊತ್ತಾಗುವುದಿಲ್ಲ. ಕೇಳುವ ಧೈರ್ಯವೂ ಇಲ್ಲ.

ನಿನ್ನ ಪೆನ್‌ಡ್ರೈವಿಗೆ ಅದರ ಹಿಂದಿನ ದಿನವೇ ಎಲ್ಲವನ್ನೂ ತುಂಬಿಸಿ ಆಗಿತ್ತು. ಆದ್ದರಿಂದ ಆ ಹಸಿರು ಕೋಟು ಈಗ ಇರುವುದು ನಿನ್ನ ಹತ್ತಿರ ಮಾತ್ರ. ನಿನ್ನ ಕೈ ಎಂಥದೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ನಿನ್ನನ್ನೇ ಕೇಳಬೇಕಾಗಿ ಬಂದಿದೆ. ಅದೊಂದನ್ನು ಅಳಿಸಬೇಡ, ಮುದ್ದಿ.